ಸ್ಕ್ಯಾನ್ ನಾರ್ಮಲ್, ಆದರೂ ಅರೆತಲೆನೋವು

“ಸ್ಕ್ಯಾನಲ್ಲಿ ಏನೂ ಇಲ್ಲ ಅಂದ್ರು ಡಾಕ್ಟ್ರೇ. ಈಗ ಮನೇಲಿ ಎಲ್ಲರೂ ಸುಮ್ನೆ ನಾಟಕ ಅಂತಾರೆ.”

ಮೈಗ್ರೇನ್ ಇರುವವರು, ಅದರಲ್ಲೂ ಹೆಂಗಸರು, ಈ ಮಾತನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ನಾವು ಸ್ಕ್ಯಾನ್ ಮಾಡಿಸುವುದು ಗಡ್ಡೆ, ರಕ್ತಸ್ರಾವ ಏನೂ ಇಲ್ಲವೆಂದು ಖಚಿತಪಡಿಸಿಕೊಳ್ಳಲು. ಮೈಗ್ರೇನಿನ ಗಲಾಟೆ ನಡೆಯುವುದು ನರದ ತುದಿಯಲ್ಲಿ. ಅದು ಸ್ಕ್ಯಾನಿನ ಕಣ್ಣಿಗೆ ಬೀಳುವುದಿಲ್ಲ.

ಮಿದುಳಿಗೆ ನೋವು ಗೊತ್ತಾಗುವುದಿಲ್ಲ. ನೋಯುವುದು ಅದರ ಹೊದಿಕೆ ಮತ್ತು ಅಲ್ಲಿನ ರಕ್ತನಾಳಗಳು. ಮುಖ, ಹಣೆಗೆ ಹರಡಿರುವ ಟ್ರೈಜೆಮಿನಲ್ ನರದ ಎಳೆಗಳು ಅಲ್ಲಿಗೂ ಹೋಗುತ್ತವೆ. ನೋವು ಶುರುವಾದಾಗ ಈ ಎಳೆಗಳು ಸಿಜಿಆರ್‌ಪಿ ಎಂಬ ನ್ಯೂರೋಪೆಪ್ಟೈಡನ್ನು (ನರದ ಸಂದೇಶ ಒಯ್ಯುವ ಪ್ರೋಟೀನ್ ತುಣುಕು) ಸುರಿಸುತ್ತವೆ. 37 ಅಮೈನೋ ಆಮ್ಲಗಳ ಪುಟ್ಟ ಸರ ಅದು. 1990ರಲ್ಲಿ ಸಂಶೋಧಕರಾದ ಪೀಟರ್ ಗೋಡ್ಸ್‌ಬಿ ಮತ್ತು ಲಾರ್ಸ್ ಎಡ್ವಿನ್ಸನ್ ನೋವಿನ ಹೊತ್ತಿನಲ್ಲೇ ರೋಗಿಗಳ ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆದು ನೋಡಿದರು. ಸಿಜಿಆರ್‌ಪಿ ಏರಿತ್ತು. ನಾಟಕಕ್ಕೆ ರಕ್ತದಲ್ಲಿ ಪೆಪ್ಟೈಡ್ ಏರುವುದಿಲ್ಲ, ಅಲ್ವಾ?

ಸಿಜಿಆರ್‌ಪಿ ಬಂದು ಕೂರುವ ಜಾಗವೇ ರಿಸೆಪ್ಟರ್. ಬೀಗ, ಕೀಲಿಕೈ ಎಂದು ಪಾಠ ಹೇಳುವುದುಂಟು. ನನಗೆ ಆ ಹೋಲಿಕೆ ಸಾಲದು. ಈ ರಿಸೆಪ್ಟರ್ ಒಂಟಿಯಲ್ಲ, ಜೋಡಿ. ಸಿಎಲ್‌ಆರ್ ಎಂಬ ಪ್ರೋಟೀನಿನ ಜೊತೆ ಇನ್ನೊಂದು ಪ್ರೋಟೀನ್ ರ‍್ಯಾಂಪ್-1 ಸೇರಿದರೆ ಅದು ಸಿಜಿಆರ್‌ಪಿಯ ರಿಸೆಪ್ಟರ್. ಅದೇ ಸಿಎಲ್‌ಆರ್ ರ‍್ಯಾಂಪ್-2 ಜೊತೆ ಸೇರಿದರೆ ಅಡ್ರಿನೋಮೆಡುಲಿನ್ ಎಂಬ ಬೇರೊಂದು ಪೆಪ್ಟೈಡಿನದು. ಒಂದೇ ಹಿಟ್ಟು ಕಾವಲಿ ಮೇಲೆ ದೋಸೆ, ತಟ್ಟೆಯಲ್ಲಿ ಇಡ್ಲಿ ಆದಂತೆ. 1998ರಲ್ಲಿ ಈ ಗುಟ್ಟು ಹೊರಬಿತ್ತು.

2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎರೆನುಮ್ಯಾಬ್ ಎಂಬ ಔಷಧಿ ಈ ರಿಸೆಪ್ಟರನ್ನೇ ಮುಚ್ಚುತ್ತದೆ. ತಿಂಗಳಿಗೊಂದು ಇಂಜೆಕ್ಷನ್. ಗೆಪಾಂಟ್ ಗುಂಪಿನ ಮಾತ್ರೆಗಳೂ ಅಲ್ಲೇ ಕೆಲಸ ಮಾಡುತ್ತವೆ. ಫ್ರೆಮನೆಜುಮ್ಯಾಬ್‌ನಂಥವು ರಿಸೆಪ್ಟರ್ ಬಿಟ್ಟು ಪೆಪ್ಟೈಡನ್ನೇ ಹಿಡಿದುಕೊಳ್ಳುತ್ತವೆ. ಎಲ್ಲರಿಗೂ ಫಲ ಸಿಗುವುದಿಲ್ಲ. ಕೆಲವರ ನೋವಿನ ದಿನಗಳು ಅರ್ಧಕ್ಕಿಳಿಯುತ್ತವೆ, ಇನ್ನು ಕೆಲವರಿಗೆ ಏನೂ ಆಗದು. ಪಕಾಪ್‌ನಂಥ ಬೇರೆ ಪೆಪ್ಟೈಡುಗಳೂ ಈ ಆಟದಲ್ಲಿವೆ.

“ತಲೆಗೆ ಔಷಧಿ ತಗೊಂಡ್ರೆ ಹೊಟ್ಟೆ ಯಾಕೆ ಕಟ್ಟುತ್ತೆ?” ಒಳ್ಳೆಯ ಪ್ರಶ್ನೆ. ಇದೇ ರಿಸೆಪ್ಟರ್ ಕರುಳಿನಲ್ಲೂ ಇದೆ, ರಕ್ತನಾಳಗಳ ಗೋಡೆಯಲ್ಲೂ ಇದೆ. ಸಿಜಿಆರ್‌ಪಿ ಕರುಳಿನ ಓಡಾಟಕ್ಕೆ ನೆರವಾಗುತ್ತದೆ, ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಅದನ್ನು ತಡೆದರೆ ಮಲಬದ್ಧತೆ ಬರಬಹುದು, ಕೆಲವರಿಗೆ ಬಿಪಿಯೂ ಏರಬಹುದು. ಹಾಗಾಗಿ ಹೃದಯಾಘಾತ, ಲಕ್ವ ಈಚೆಗಷ್ಟೇ ಆದವರಿಗೂ ಬಸುರಿಯರಿಗೂ ನಾನು ಇದನ್ನು ಬರೆಯುವುದಿಲ್ಲ.

ಇಂಜೆಕ್ಷನ್ ವಿಷಯ ಓದಿ ಬಂದವರಿಗೂ ಮೊದಲು ನಾನು ಕೇಳುವುದು ಮನೆಯ ಕ್ಯಾಲೆಂಡರನ್ನು. ನೋವು ಬಂದ ದಿನಕ್ಕೊಂದು ಗೆರೆ, ಮಾತ್ರೆ ನುಂಗಿದ ದಿನಕ್ಕೊಂದು ಸುತ್ತು. ಸಾದಾ ನೋವಿನ ಮಾತ್ರೆ ತಿಂಗಳಿಗೆ 15 ದಿನ, ಮೈಗ್ರೇನಿನದೇ ಮಾತ್ರೆಯಾದ ಟ್ರಿಪ್ಟಾನ್ 10 ದಿನ ಮುಟ್ಟಿದ್ದು ಹೀಗೇ ತಿಂಗಳುಗಟ್ಟಲೆ ನಡೆದಿದ್ದರೆ, ಮಾತ್ರೆಯೇ ತಲೆನೋವು ಜಾಸ್ತಿ ಮಾಡುತ್ತಿರಬಹುದು. ಆಗ ಮೊದಲ ಕೆಲಸ ಆ ಸುತ್ತುಗಳನ್ನು ಕಡಿಮೆ ಮಾಡುವುದು. ಇಂಜೆಕ್ಷನ್ ಮಾತು ಆಮೇಲೆ.