ಸತ್ತ ಹವಳವನ್ನೂ ಯಾಕೆ ಅಳೆಯಬೇಕು?

ಸಮುದ್ರದಡಿ ಹವಳ ಅಳೆದು ಬಂದು, ಅಂಡಮಾನಿನ ವಂಡೂರು ಜೆಟ್ಟಿಯಲ್ಲಿ ಕೂತು ಅಳತೆಯ ಟೇಪು ತೊಳೆಯುತ್ತಿದ್ದೆ. ಜಾಲಿ ಬಾಯ್ ದ್ವೀಪ ನೋಡಿ ಬಂದಿದ್ದ ದಾವಣಗೆರೆಯ ಒಬ್ಬರು ಕೇಳಿದರು: “ಸರ್, ನೀವು ಅಳೀತಿದ್ದ ಕಡೆ ಬರೀ ಕಲ್ಲೇ ಇತ್ತಲ್ಲ. ಸ್ವಲ್ಪ ಆಚೆ ಎಷ್ಟು ಚೆನ್ನಾಗಿದೆ! ಅಲ್ಲಿ ಅಳೀಬಾರದಾ?”

ಪ್ರವಾಸಿಗರು ಕೇಳಿದರೆ ನನಗೆ ಖುಷಿಯೇ, ಕೂರಿಸಿಕೊಂಡು ಹೇಳುತ್ತೇನೆ. ಆದರೆ ಇದೇ ಪ್ರಶ್ನೆಯನ್ನು ವರದಿ ಬೇಕೆನ್ನುವವರೂ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರೂ ಕೇಳುತ್ತಾರೆ. ಆಗ ಮಾತ್ರ ತಾಳ್ಮೆ ಉಳಿಯುವುದಿಲ್ಲ.

ಇಲ್ಲಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ 1983ರಲ್ಲಿ ಆಗಿದ್ದು. ಹದಿನೈದು ದ್ವೀಪ, ಸುಮಾರು 280 ಚದರ ಕಿಲೋಮೀಟರು. ಅಷ್ಟನ್ನೂ ಅಳೆಯುವುದು ಆಗದ ಮಾತು. ಹಾಗಾಗಿ ಕೆಲವೇ ಜಾಗ ಆರಿಸಿ, ಬಂಡೆಗೆ ಕಬ್ಬಿಣದ ಸರಳು ಹೊಡೆದು ಗುರುತು ಮಾಡುತ್ತೇವೆ. ಎರಡು ಸರಳಿನ ನಡುವೆ 20 ಮೀಟರ್ ಟೇಪು ಎಳೆದು, ಅದರ ಕೆಳಗೆ ಏನೇನಿದೆ ಅಂತ ಸ್ಲೇಟಿನ ಮೇಲೆ ಪೆನ್ಸಿಲ್‌ನಲ್ಲಿ ಬರೆಯುತ್ತೇವೆ. 2000 ಸೆಂಟಿಮೀಟರಲ್ಲಿ 700 ಸೆಂಟಿಮೀಟರ್ ಜೀವಂತ ಹವಳ ಸಿಕ್ಕಿದರೆ, ಅಲ್ಲಿ ಶೇ 35 ಅಂತ ಲೆಕ್ಕ.

ಈ 35 ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಮುಂದಿನ ವರ್ಷ ಅದೇ ತಿಂಗಳು, ಅದೇ ಸರಳಿನಿಂದ ಅದೇ ಸರಳಿಗೆ ಎಳೆದು ಅಳೆದಾಗಲೇ ಅದು ಬಾಯಿ ಬಿಡುವುದು. ಟೇಪನ್ನು ಒಂದೇ ಮೀಟರು ಪಕ್ಕಕ್ಕೆ ಸರಿಸಿ, ಅದು ಬೇರೆಯೇ ಹವಳ. ಆಗುಂಬೆಯಲ್ಲಿಟ್ಟ ಮಳೆಮಾಪಕವನ್ನು ಈ ವರ್ಷ ಚಳ್ಳಕೆರೆಗೆ ಒಯ್ದು, ಮಳೆ ಕಡಿಮೆಯಾಯಿತು ಅಂದರೆ ನೀವು ಒಪ್ತೀರಾ? ಇಲ್ಲ ಅಲ್ವಾ. ಹವಳ ಸತ್ತ ಕಡೆಯಿಂದ ಚೆನ್ನಾಗಿರುವ ಕಡೆಗೆ ಟೇಪು ಸರಿಸುವುದೂ ಅದೇ ತಪ್ಪು, ತಿರುಗುಮುರುಗಾಗಿ. ಪ್ರತಿ ವರ್ಷ ಹಾಗೆ ಸರಿಸುತ್ತಾ ಹೋದರೆ ಕಾಗದದ ಮೇಲೆ ಎಂದೂ ಶೇ 35 ಇರುತ್ತದೆ, ಸಮುದ್ರದಲ್ಲಿ ಇರುವುದಿಲ್ಲ.

ಸರಳು ಹುಡುಕುವುದೇ ದೊಡ್ಡ ಕೆಲಸ, ನಿಜ. ನೀರಿನಡಿ ಜಿಪಿಎಸ್ ನಡೆಯಲ್ಲ. ವರ್ಷದಲ್ಲಿ ಸರಳಿಗೆ ಪಾಚಿ ಹತ್ತಿ ಬಂಡೆಯದೇ ಬಣ್ಣ ಬಂದಿರುತ್ತದೆ. ಕೈಯಾಡಿಸಿ, ಕೆರೆದು ನೋಡಬೇಕು. ಒಮ್ಮೆ ಇಡೀ ಒಂದು ಸಿಲಿಂಡರ್ ಗಾಳಿ ಬರೀ ಹುಡುಕಾಟಕ್ಕೇ ಮುಗಿಯಿತು. ಜೊತೆಗಿದ್ದ ಹುಡುಗ ಮೇಲೆ ಬಂದು, “ಇಲ್ಲೇ ಎಲ್ಲೋ ಎಳೆದುಬಿಡೋಣ ಸರ್” ಅಂದ. ಸುಸ್ತಾಗಿದ್ದ, ಪಾಪ. ಇನ್ನೊಂದು ಸಿಲಿಂಡರ್ ಕಟ್ಟಿಕೊಂಡು ಇಬ್ಬರೂ ಮತ್ತೆ ಇಳಿದೆವು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಒಂದು ವರ್ಷ ಅಂಕಿ ಇಳಿದ ಕೂಡಲೇ ಹವಳ ನಾಶವಾಯಿತು ಅನ್ನಬಾರದು. ಸೆಳವಿಗೆ ಟೇಪು ಬಾಗಿರಬಹುದು, ಅಳೆದ ಕೈ ಬೇರೆ ಇರಬಹುದು. ಬಿಳಿಚಿದ ಹವಳವೂ ಸತ್ತ ಹವಳವಲ್ಲ. ನೀರು ಜಾಸ್ತಿ ಬಿಸಿಯಾದಾಗ ತನ್ನೊಳಗಿದ್ದು ಬಣ್ಣ ಕೊಡುವ ಪಾಚಿಯನ್ನು ಹೊರಹಾಕಿರುತ್ತದೆ, ಅಷ್ಟೆ. ಬೇಗ ತಂಪಾದರೆ ಬಣ್ಣ ಮರಳುತ್ತದೆ, ಬಿಸಿ ವಾರಗಟ್ಟಲೆ ನಿಂತರೆ ಸಾಯುತ್ತದೆ. ಅಂಡಮಾನಿನಲ್ಲಿ 1998, 2010, 2016ರಲ್ಲಿ ಹೀಗೆ ಹವಳ ಬಿಳಿಚಿತ್ತು. ಅದಕ್ಕೂ ನಡುವೆ, 2004ರ ಡಿಸೆಂಬರ್ ಭೂಕಂಪದಲ್ಲಿ ಉತ್ತರ ಅಂಡಮಾನಿನ ನೆಲ ಮೇಲೆದ್ದು ಹವಳದ ದಿಬ್ಬಗಳು ಬಿಸಿಲಿಗೆ ಒಣಗಿದವು. ಇತ್ತ ದಕ್ಷಿಣದ ನೆಲ ಕುಸಿಯಿತು. ಎಷ್ಟು ಹೋಯಿತು, ಎಷ್ಟು ಚೇತರಿಸಿತು ಅಂತ ಗಟ್ಟಿಯಾಗಿ ಹೇಳಬೇಕಾದರೆ, ಮುಂಚೆ ಅಳೆದ ಜಾಗಕ್ಕೇ ಮರಳಿ ಹೋಗಬೇಕು.

ದಾವಣಗೆರೆಯವರಿಗೆ ಇಷ್ಟೂ ಹೇಳಿ, ಆ ದಿನದ ಸ್ಲೇಟು ತೋರಿಸಿದೆ. ಸಾಲು ಸಾಲಾಗಿ “ಸತ್ತ ಹವಳ, ಪಾಚಿ” ಅಂತಿತ್ತು. ಹದಿಮೂರನೇ ಮೀಟರಿನ ಹತ್ತಿರ ಮಾತ್ರ “ಜೀವಂತ, 2 ಸೆಂ.ಮೀ.” ಹೋದ ವರ್ಷ ಅದೇ ಗುರುತಿನಲ್ಲಿ ಏನೂ ಇರಲಿಲ್ಲ. ಸತ್ತ ಕಲ್ಲಿನ ಮೇಲೆ, ಹೆಬ್ಬೆರಳಿನ ಉಗುರಿನಷ್ಟು ಹೊಸ ಹವಳ ಕೂತಿತ್ತು.

“ಬದುಕುತ್ತಾ ಸರ್?” ಅಂದರು.

ಗೊತ್ತಿಲ್ಲ, ಫೆಬ್ರವರಿಯಲ್ಲಿ ಮತ್ತೆ ಇಳಿಯುತ್ತೇವೆ ಅಂದೆ.