ಹಾಕಿಯೊಳಗೊಂದು ಕೇರಂ

ಒಳಾಂಗಣ ಹಾಕಿಯ ಅಂಗಳದಲ್ಲಿ ಎರಡೂ ಉದ್ದಬದಿಗೆ ಮರದ ಹಲಗೆ ಹಾಕಿರುತ್ತಾರೆ. ಎತ್ತರ ಬರೀ 10 ಸೆಂ.ಮೀ., ಕ್ರಿಕೆಟ್ ಬ್ಯಾಟಿನ ಅಗಲಕ್ಕಿಂತ ತುಸು ಕಡಿಮೆ. ಟಿ.ವಿ.ಯಲ್ಲಿ ಪಂದ್ಯ ನೋಡುವವರು ಅದನ್ನು ಗಮನಿಸುವುದೇ ಅಪರೂಪ. ಆದರೆ ಇಡೀ ಆಟದ ಗುಟ್ಟು ಇರುವುದು ಅಲ್ಲೇ. ಮೈದಾನದ ಹಾಕಿಯಲ್ಲಿ ಚೆಂಡು ಬದಿಗೆರೆ ದಾಟಿದರೆ ಆಟ ನಿಂತಿತು. ಇಲ್ಲಿ ಚೆಂಡು ಹಲಗೆಗೆ ಬಡಿದು ಮರಳಿ ಬರುತ್ತದೆ, ಆಟ ನಡೆಯುತ್ತಲೇ ಇರುತ್ತದೆ. ಕೇರಂನಲ್ಲಿ ಸ್ಟ್ರೈಕರ್ ಅನ್ನು ಅಂಚಿಗೆ ಹೊಡೆದು ಹಿಂದಿನ ಕಾಯಿನ್ ಎತ್ತಿದವರಿಗೆಲ್ಲ ಈ ಲೆಕ್ಕ ಅರ್ಧ ಗೊತ್ತಿದ್ದ ಹಾಗೆಯೇ. ಇನ್ನರ್ಧದಲ್ಲಿ ಒಂದು ತಿರುವಿದೆ.

ಈ ಆಟ ಹುಟ್ಟಿದ್ದು ಚಳಿಯಿಂದ. ಜರ್ಮನಿಯಲ್ಲಿ ಚಳಿಗಾಲಕ್ಕೆ ಮೈದಾನ ಹೆಪ್ಪುಗಟ್ಟಿದಾಗ, 1950ರ ದಶಕದಲ್ಲಿ, ಅಲ್ಲಿನ ಹಾಕಿಯವರು ಜಿಮ್ನಾಸಿಯಂ ಹೊಕ್ಕರು. ಬಿಸಿಲಿನಲ್ಲೇ ಹಾಕಿ ಹಬ್ಬ ನಡೆಸುವ ನಮ್ಮ ಕೊಡಗಿನವರಿಗೆ ಇಂಥ ಅಗತ್ಯ ಬರಲಿಲ್ಲ. ಹೆಂಗಸರ ಒಳಾಂಗಣ ವಿಶ್ವಕಪ್ 2003ರಲ್ಲಿ ಲೈಪ್‌ಜಿಗ್‌ನಲ್ಲಿ ಶುರುವಾಯಿತು. ಆಮೇಲೆ ನಡೆದದ್ದು ತಮಾಷೆಯಾಗಿದೆ. 2003ರಲ್ಲಿ ಜರ್ಮನಿ, 2007ರಲ್ಲಿ ನೆದರ್ಲೆಂಡ್ಸ್, 2011ರಲ್ಲಿ ಜರ್ಮನಿ, 2015ರಲ್ಲಿ ನೆದರ್ಲೆಂಡ್ಸ್, 2018ರಲ್ಲಿ ಮತ್ತೆ ಜರ್ಮನಿ, 2023ರಲ್ಲಿ ಮತ್ತೆ ನೆದರ್ಲೆಂಡ್ಸ್. ಅಕ್ಕಪಕ್ಕದ ಮನೆಯವರು ಸರದಿಯ ಮೇಲೆ ಒರಳು ಒಯ್ದ ಹಾಗೆ. 2025ರಲ್ಲಿ ಕ್ರೊಯೇಷಿಯಾದ ಪೊರೆಚ್‌ನಲ್ಲಿ ಪೋಲೆಂಡ್ ಗೆದ್ದು ಈ ಸರದಿಯನ್ನು ಮುರಿಯಿತು.

2018ರ ಫೆಬ್ರುವರಿಯ ಟೂರ್ನಿಯನ್ನೇ ತೆಗೆದುಕೊಳ್ಳೋಣ. ಬರ್ಲಿನ್‌ನ ಮ್ಯಾಕ್ಸ್ ಷ್ಮೆಲಿಂಗ್ ಹಾಲ್, ಫೈನಲ್‌ನಲ್ಲಿ ಜರ್ಮನಿ 2–1ರಿಂದ ನೆದರ್ಲೆಂಡ್ಸ್ ಅನ್ನು ಸೋಲಿಸಿತು. ಒಳಾಂಗಣದಲ್ಲಿ ಗೋಲುಗಳ ಸುರಿಮಳೆ ಮಾಮೂಲು, ಹಾಗಾಗಿ ಈ ಅಂಕವೇ ಅಚ್ಚರಿ. ಅಂಗಳ 40 ಮೀಟರ್ ಉದ್ದ, 20 ಮೀಟರ್ ಅಗಲ. ಎರಡೂ ಕಡೆ ಗೋಲ್‌ಕೀಪರ್ ಸೇರಿ ಆರಾರು ಮಂದಿ. ಭಾಗಿಸಿದರೆ ತಲೆಗೆ 67 ಚದರ ಮೀಟರ್ ಬರುತ್ತದೆ. ಮೈದಾನದ ಹಾಕಿಯಲ್ಲಿ ಇದು ಸುಮಾರು 228. ಜಾಗ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಸಾಲದ್ದಕ್ಕೆ ಸ್ಟಿಕ್ ಬೀಸಿ ಹೊಡೆಯುವಂತಿಲ್ಲ, ಪುಶ್ (ನೆಲದ ಮೇಲೆ ತಳ್ಳುವುದು) ಅಥವಾ ಫ್ಲಿಕ್ (ತಳ್ಳುತ್ತಲೇ ಎತ್ತುವುದು) ಮಾತ್ರ. ಡಿ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದಂಥ ಜಾಗ, ಅದರ ಒಳಗಿಂದ ಗೋಲಿನತ್ತ ಕಳಿಸುವಾಗ ಬಿಟ್ಟರೆ ಚೆಂಡನ್ನು ಮೇಲಕ್ಕೆ ಎತ್ತುವಂತೆಯೂ ಇಲ್ಲ. ಎದುರಾಳಿಯ ತಲೆಯ ಮೇಲಿಂದ ಹಾರಿಸುವ ದಾರಿ ಮುಚ್ಚಿದ ಮೇಲೆ ಉಳಿಯುವುದು ಪಕ್ಕದ ದಾರಿ. ಅಂದರೆ ಹಲಗೆ.

ಗೀತಾ, ಸೀತಾ ಎಂದು ಇಬ್ಬರು ಆಟಗಾರ್ತಿಯರು ಎಂದುಕೊಳ್ಳಿ. ಇಬ್ಬರೂ ಹಲಗೆಯಿಂದ 2 ಮೀಟರ್ ದೂರದಲ್ಲಿದ್ದಾರೆ, ಒಬ್ಬರಿಂದೊಬ್ಬರಿಗೆ 4 ಮೀಟರ್. ನಡುವೆ ಎದುರಾಳಿ. ಶಾಲೆಯಲ್ಲಿ ಕಲಿತ ಕನ್ನಡಿಯ ನಿಯಮದಂತೆ ಬೀಳುವ ಕೋನ, ಮರಳುವ ಕೋನ ಎರಡೂ ಒಂದೇ. ಹಾಗಿದ್ದರೆ ಗೀತಾ ಸರಿಯಾಗಿ ನಡುಮಧ್ಯಕ್ಕೆ, 2 ಮೀಟರ್ ಮುಂದಕ್ಕೆ, 45 ಡಿಗ್ರಿಯಲ್ಲಿ ತಳ್ಳಿದರೆ ಸಾಕು.

ಹಾಗೆ ತಳ್ಳಿದರೆ ಸೀತಾಗೆ ಚೆಂಡು ಸಿಗುವುದಿಲ್ಲ. ಬೆಳಕು ಕನ್ನಡಿಗೆ ಬಡಿದು ವೇಗ ಕಳೆದುಕೊಳ್ಳುವುದಿಲ್ಲ, ಚೆಂಡು ಕಳೆದುಕೊಳ್ಳುತ್ತದೆ. ಅದೂ ಮುಖ್ಯವಾಗಿ ಹಲಗೆಗೆ ನೇರವಾಗಿ ಬಡಿಯುವ ಭಾಗದ ವೇಗವನ್ನು. ಹಲಗೆಯ ಉದ್ದಕ್ಕೆ ಸಾಗುವ ವೇಗ ಬಹುಪಾಲು ಹಾಗೇ ಉಳಿಯುತ್ತದೆ. ನೇರ ವೇಗದಲ್ಲಿ ಶೇ. 70 ಮಾತ್ರ ವಾಪಸ್ ಬಂತು ಎಂದಿಟ್ಟುಕೊಳ್ಳೋಣ. 45 ಡಿಗ್ರಿಯಲ್ಲಿ ಹೋದ ಚೆಂಡು 35 ಡಿಗ್ರಿಯಲ್ಲಿ, ಹಲಗೆಗೆ ಅಂಟಿಕೊಂಡ ಹಾಗೆ ಹೊರಡುತ್ತದೆ. ಸೀತಾ ನಿಂತ ಸಾಲಿಗೆ ಬರುವಷ್ಟರಲ್ಲಿ ಅವಳಿಗಿಂತ 86 ಸೆಂ.ಮೀ. ಮುಂದಿರುತ್ತದೆ. ಹೆಚ್ಚುಕಡಿಮೆ ಒಂದು ಸ್ಟಿಕ್‌ನ ಉದ್ದ! ಸರಿಪಡಿಸಬೇಕಾದರೆ ಗೀತಾ ನಡುಮಧ್ಯಕ್ಕಿಂತ 35 ಸೆಂ.ಮೀ. ಈಚೆಗೇ ಹಲಗೆಗೆ ಬಡಿಸಬೇಕು. ಆಟಗಾರ್ತಿಯರು ಇದನ್ನು ಲೆಕ್ಕ ಹಾಕಿ ಕಲಿಯುವುದಿಲ್ಲ, ಸಾವಿರ ಸಲ ತಳ್ಳಿ ಕಲಿಯುತ್ತಾರೆ.

ಇಲ್ಲಿಯವರೆಗೆ ಕೇರಂ. ಇನ್ನು ತಿರುವು. ಸ್ಟ್ರೈಕರ್ ಜಾರುತ್ತದೆ, ಚೆಂಡು ಉರುಳುತ್ತದೆ. ಮುಂದಕ್ಕೆ ಉರುಳುತ್ತ ಹಲಗೆಗೆ ಬಡಿದ ಚೆಂಡಿನ ಚಲನೆ ತಿರುವುಮುರುವಾದರೂ ಅದರ ಗಿರಕಿ ಮಾತ್ರ ಹಳೆಯ ದಿಕ್ಕಿನಲ್ಲೇ ಇರುತ್ತದೆ. ಮೈ ಈಚೆಗೆ ಬರುತ್ತಿದೆ, ಗಿರಕಿ ಆಚೆಗೇ ಎಳೆಯುತ್ತಿದೆ. ನೆಲದ ಘರ್ಷಣೆ ಗಿರಕಿಯ ಪಕ್ಷ ವಹಿಸುತ್ತದೆ. ಪರಿಣಾಮವಾಗಿ ಚೆಂಡು ಬಾಗಿ ಮತ್ತೆ ಹಲಗೆಯ ಕಡೆಗೇ ವಾಲುತ್ತದೆ, ಸೊರಗುತ್ತದೆ. ಮನೆಯಲ್ಲಿ ಒಂದು ಗಟ್ಟಿ ಚೆಂಡನ್ನು ಗೋಡೆಗೆ ನೇರವಾಗಿ, ಮೆಲ್ಲಗೆ ಉರುಳಿಸಿ ನೋಡಿ. ಬಡಿದ ಕೂಡಲೇ ಚುರುಕಾಗಿ ಹಿಂದೆ ಚಿಮ್ಮಿ, ಒಂದು ಗೇಣು ಬರುವಷ್ಟರಲ್ಲಿ ಬ್ರೇಕ್ ಹಾಕಿದಂತೆ ನಿಧಾನವಾಗುತ್ತದೆ. ಮೊದಲಿನ ಶೇ. 70ರ ಲೆಕ್ಕದಲ್ಲೇ, ಗಿರಕಿಗೂ ನೆಲಕ್ಕೂ ರಾಜಿಯಾಗುವ ಹೊತ್ತಿಗೆ ಉಳಿಯುವ ವೇಗ ಐದರಲ್ಲೊಂದು ಪಾಲು.

ಹಾಗಾದರೆ ಹಲಗೆಯ ಪಾಸ್ ಯಾವತ್ತೂ ಸೊರಗಬೇಕಲ್ಲ? ಸೊರಗುವುದಿಲ್ಲ, ಏಕೆಂದರೆ ಜೋರಾಗಿ ತಳ್ಳಿದ ಚೆಂಡು ಉರುಳಲು ಶುರು ಮಾಡುವುದೇ ತಡವಾಗಿ. ಸ್ಟಿಕ್ ಬಿಟ್ಟ ಕ್ಷಣ ಅದು ಹೆಚ್ಚಾಗಿ ಜಾರುತ್ತಿರುತ್ತದೆ. ನುಣುಪು ನೆಲದ ಘರ್ಷಣಾಂಕ (ನೆಲ ಎಷ್ಟು ತಡೆಯುತ್ತದೆ ಎಂಬ ಅಳತೆ) 0.2 ಎಂದುಕೊಂಡರೆ, ಸೆಕೆಂಡಿಗೆ 3 ಮೀಟರ್ ವೇಗದ ಚೆಂಡು ಒಂದು ಮೀಟರ್ ಚಿಲ್ಲರೆ ದೂರದಲ್ಲೇ ಪೂರ್ತಿ ಉರುಳತೊಡಗುತ್ತದೆ. ಸೆಕೆಂಡಿಗೆ 10 ಮೀಟರ್‌ನದು ಸುಮಾರು 12 ಮೀಟರ್ ಜಾರುತ್ತ ಹೋಗುತ್ತದೆ. ಗೀತಾ ಮೆಲ್ಲಗೆ ತಳ್ಳಿದರೆ ಚೆಂಡು ಹಲಗೆಯ ಬುಡದಲ್ಲೇ ತೂಕಡಿಸುತ್ತದೆ. ಜೋರಾಗಿ ತಳ್ಳಿದರೆ ಕೇರಂ ಸ್ಟ್ರೈಕರ್‌ನಂತೆ ಕೋನ ಕಾಯ್ದುಕೊಂಡು ಬರುತ್ತದೆ. ಹೊಡೆತಕ್ಕೆ ಅವಕಾಶವಿಲ್ಲದ ಆಟ ಅಷ್ಟೊಂದು ಬಿರುಸಾಗಿ ಕಾಣುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅಂದಾಜು.

ಹಲಗೆಯೂ ಸುಮ್ಮನೆ ನೆಟ್ಟಗೆ ನಿಂತದ್ದಲ್ಲ. ಅದರ ಒಳಮುಖ 1 ಸೆಂ.ಮೀ.ನಷ್ಟು ಅಂಗಳದ ಕಡೆ ಬಾಗಿರುತ್ತದೆ. ಬಡಿದ ಚೆಂಡು ಮೇಲಕ್ಕೆ ಚಿಮ್ಮದೆ ನೆಲ ಹಿಡಿಯಲಿ ಎಂದು.

ತಡೆಯುವವರ ಉಪಾಯ ಇನ್ನೂ ಸರಳ. ಚೆಂಡು ನೆಲ ಬಿಡುವಂತಿಲ್ಲ ಎಂದಾದ ಮೇಲೆ ಸ್ಟಿಕ್ ಅನ್ನು ನೆಲಕ್ಕೆ ಮಲಗಿಸಿಬಿಟ್ಟರೆ ಮುಗಿಯಿತು, ಸುಮಾರು 90 ಸೆಂ.ಮೀ. ಗೋಡೆ ತಯಾರು. ಗೋಲ್‌ಕೀಪರ್ ಬಿಟ್ಟು ಐವರೂ ಮಲಗಿಸಿದರೆ 20 ಮೀಟರ್ ಅಗಲದಲ್ಲಿ ನಾಲ್ಕೂವರೆ ಮೀಟರ್ ಮುಚ್ಚಿತು, ಅದೂ ಓಡಾಡುವ ಗೋಡೆ. ಆದರೆ ಮಂಡಿ ಊರುವಂತಿಲ್ಲ, ಸ್ಟಿಕ್ ಹಿಡಿಯದ ಕೈ ಊರುವಂತಿಲ್ಲ. ತೊಡೆ ನೆಲಕ್ಕೆ ಸಮಾನಾಂತರವಾಗುವಷ್ಟು ಕುಕ್ಕರಿಸಿ ಪಕ್ಕಕ್ಕೆ ಸರಿಯುತ್ತಿರಬೇಕು. ಕಳೆ ಕೀಳುವವರ ಸೊಂಟಕ್ಕೆ ಇದರ ಬೆಲೆ ಗೊತ್ತು. ಎರಡು ಮೂರು ನಿಮಿಷಕ್ಕೊಮ್ಮೆ ಆಟಗಾರ್ತಿಯರನ್ನು ಬದಲಿಸುವುದು ಶೋಕಿಗಲ್ಲ, ಸ್ನಾಯುವಿನ ತಕ್ಷಣದ ಇಂಧನ ಮತ್ತೆ ತುಂಬಿಕೊಳ್ಳಲು ಕೆಲವು ನಿಮಿಷ ಬೇಕು.

ಸ್ಟಿಕ್ ಮಲಗಿಸುವಾಗ ಮೇಲಿನ ಕೈ, ಅಂದರೆ ಎಡಗೈ, ನೆಲ ಸವರುತ್ತದೆ. ಇವರ ಎಡಗೈಯಲ್ಲಿ ಬೆರಳ ಗೆಣ್ಣಿನ ಮೇಲೆ ಗಟ್ಟಿ ಚಿಪ್ಪಿರುವ ದಪ್ಪ ಗ್ಲೌಸ್ ಕಾಣುವುದು ಅದಕ್ಕೇ. ಬಲಗೈ ಎಷ್ಟೋ ಸಲ ಬರಿದಾಗಿಯೇ ಇರುತ್ತದೆ.