ತಪ್ಪಿರಬಹುದಾದ ಊಹೆಗೂ ಬೆಲೆಯಿದೆ

ಚಂಡಮಾರುತ ಎದ್ದಾಗಲೆಲ್ಲ ಟಿವಿಯಲ್ಲಿ ತಿರುಗುವ ಮೋಡದ ಉಪಗ್ರಹ ಚಿತ್ರ ತೋರಿಸುತ್ತಾರೆ. ಅದನ್ನು ನೋಡಿಯೇ ಹವಾಮಾನ ಇಲಾಖೆ ಮುನ್ಸೂಚನೆ ಕೊಡುತ್ತದೆ ಎಂಬುದು ಹಲವರ ನಂಬಿಕೆ. ಚಿತ್ರ ಹೇಳುವುದು ಈಗಿನ ಸ್ಥಿತಿಯನ್ನಷ್ಟೇ. ನಾಳೆಯದನ್ನು ಕಂಪ್ಯೂಟರಿನೊಳಗಿನ ಸಮೀಕರಣಗಳು ಲೆಕ್ಕಹಾಕಬೇಕು. ಅದಕ್ಕೆ ಇಂದಿನ ಗಾಳಿ, ಒತ್ತಡ, ತೇವಾಂಶ ಎಲ್ಲೆಡೆಯೂ ತಿಳಿದಿರಬೇಕು. ಬಂಗಾಳಕೊಲ್ಲಿಯ ನಡುವೆ ಅಳೆಯುವವರು ಯಾರು? ಚಂಡಮಾರುತವೆಂದರೆ ಹಡಗುಗಳೇ ದೂರ ಓಡುತ್ತವೆ.

ಆರಂಭದ ಅಂಕಿ ಕೆಟ್ಟರೆ ಏನಾಗುತ್ತದೆಂದು ಬ್ರಿಟಿಷ್ ಹವಾಮಾನ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಅನುಭವಿಸಿದ್ದರು. 1910ರ ಮೇ 20ರ ಹವೆಯನ್ನು ಕೈಯಲ್ಲೇ ಲೆಕ್ಕಹಾಕಿ 1922ರಲ್ಲಿ ಪ್ರಕಟಿಸಿದರು. ಆರು ಗಂಟೆಯಲ್ಲಿ ಒತ್ತಡ 145 ಮಿಲಿಬಾರ್ ಏರುತ್ತದೆಂದು ಉತ್ತರ ಬಂತು. ನಿಜವಾಗಿ ಅದು ಹೆಚ್ಚುಕಡಿಮೆ ಕದಲಿರಲೇ ಇಲ್ಲ. ಸಮೀಕರಣ ಸರಿಯಿತ್ತು, ಕೊಟ್ಟ ಗಾಳಿಗೂ ಒತ್ತಡಕ್ಕೂ ಹೊಂದಾಣಿಕೆಯಿರಲಿಲ್ಲ.

ಇಂದಿನ ಪರಿಹಾರ ಡೇಟಾ ಅಸಿಮಿಲೇಶನ್. ಕೆಲವು ಗಂಟೆಗಳ ಹಿಂದಿನ ಮುನ್ಸೂಚನೆಯನ್ನೇ ಊಹೆಯಾಗಿ ಇಟ್ಟುಕೊಂಡು, ಹೊಸ ಅಳತೆಗಳಿಂದ ಅದನ್ನು ತಿದ್ದುತ್ತಾರೆ. ಊಹೆಯ ಪ್ರಕಾರ ಗಾಳಿಯ ವೇಗ ಗಂಟೆಗೆ 100 ಕಿ.ಮೀ., ಅದರ ದೋಷ ಸುಮಾರು 20 ಕಿ.ಮೀ. ಎನ್ನೋಣ. ಉಪಗ್ರಹದ ಅಳತೆ 80, ಅದರ ದೋಷ 10. ತೂಕ ದೋಷದ ವರ್ಗಕ್ಕೆ ವಿಲೋಮ; ದೋಷ ಅರ್ಧವಾದ್ದರಿಂದ ಅಳತೆಗೆ ನಾಲ್ಕು ಪಟ್ಟು ತೂಕ, ಉತ್ತರ 84. ಈ ಉತ್ತರದ ದೋಷ ಸುಮಾರು 9, ಅಂದರೆ ಊಹೆ, ಅಳತೆ ಎರಡರ ದೋಷಕ್ಕಿಂತಲೂ ಕಡಿಮೆ! ಎರಡರ ತಪ್ಪುಗಳಿಗೆ ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ, ಒರಟು ಊಹೆಯೂ ಒಳ್ಳೆಯ ಅಳತೆಯನ್ನು ಇನ್ನಷ್ಟು ಒಳ್ಳೆಯದಾಗಿಸುತ್ತದೆ. ಆದರೆ ಊಹೆ ಎಷ್ಟು ತಪ್ಪಬಹುದೆಂದು ತಿಳಿದಿರಬೇಕು. ಚಂಡಮಾರುತ ಬಂದ ಮೇಲೆ 'ಪಂಚಾಂಗದಲ್ಲಿ ಮೊದಲೇ ಬರೆದಿತ್ತು' ಎಂದು ವಾಟ್ಸಾಪ್‌ನಲ್ಲಿ ಹಂಚುವವರು ತಮ್ಮ ಭವಿಷ್ಯ ಎಷ್ಟು ತಪ್ಪಬಹುದೆಂದು ಎಂದಾದರೂ ಹೇಳಿದ್ದಾರೆಯೇ?

ತಿದ್ದುಪಡಿ ಅಳತೆಯ ಜಾಗದಲ್ಲೇ ನಿಲ್ಲುವುದಿಲ್ಲ. ಹಾಸಿದ ಬಟ್ಟೆಯ ಅಂಚು ಎಳೆದರೆ ದೂರದ ಮಡಿಕೆಯೂ ಸರಿಯುವಂತೆ, ಒಂದೆಡೆಯ ಗಾಳಿಯನ್ನು ತಿದ್ದಿದಾಗ ಸುತ್ತಲಿನ ಒತ್ತಡವೂ ಬದಲಾಗುತ್ತದೆ. ರಿಚರ್ಡ್‌ಸನ್‌ಗೆ ಸಿಗದ ಹೊಂದಾಣಿಕೆ ಬರುವುದು ಹೀಗೆ.

ಕಷ್ಟವಿರುವುದು ತೂಕ ನಿರ್ಧರಿಸುವುದರಲ್ಲಿ. 2022ರಲ್ಲಿ ಇಸ್ರೋ ಹಾರಿಸಿದ ಓಷನ್‌ಸ್ಯಾಟ್-3 ಉಪಗ್ರಹದ ಸ್ಕ್ಯಾಟರೋಮೀಟರ್ ಎಂಬ ಉಪಕರಣ, ಕಡಲಿಗೆ ಮೈಕ್ರೋತರಂಗ ಬೀರಿ, ಮೇಲ್ಮೈಯ ಒರಟುತನದಿಂದ ಗಾಳಿಯನ್ನು ಅಂದಾಜಿಸುತ್ತದೆ. ಜಡಿಮಳೆ ಆ ತರಂಗಗಳನ್ನೇ ಕೆಡಿಸುತ್ತದೆ. ಹಾಗಾಗಿ ಗಾಳಿ ಅತಿ ಬಿರುಸಾಗಿರುವ, ಚಂಡಮಾರುತದ ಕಣ್ಣಿನ ಸುತ್ತಲಿನ ಮೋಡದ ಗೋಡೆಯಲ್ಲೇ ಅಳತೆಯ ತೂಕ ಇಳಿಸಬೇಕಾಗುತ್ತದೆ. ಅಮೆರಿಕದವರು ಅಲ್ಲಿಗೆ ವಿಮಾನ ನುಗ್ಗಿಸಿ ಉಪಕರಣಗಳನ್ನು ಬೀಳಿಸುತ್ತಾರೆ. ಬಂಗಾಳಕೊಲ್ಲಿಯಲ್ಲಿ ಅಂಥ ನಿತ್ಯದ ವ್ಯವಸ್ಥೆಯಿಲ್ಲ. ಚಂಡಮಾರುತ ಸಾಗುವ ದಾರಿಯನ್ನು ಬಹುಪಾಲು ಸುತ್ತಲಿನ ವಿಶಾಲ ಗಾಳಿಪ್ರವಾಹ ನಿರ್ಧರಿಸುತ್ತದೆ, ಬಲವನ್ನು ಆ ಒಳಗಿನ ಗೋಡೆ. ದಾರಿಯ ಮುನ್ಸೂಚನೆ ಸುಧಾರಿಸಿದಷ್ಟು ಬೇಗ ಬಲದ ಮುನ್ಸೂಚನೆ ಸುಧಾರಿಸದಿರಲು ಇದೊಂದು ಮುಖ್ಯ ಕಾರಣ.